ಎರಡನೇ ಗೇರಿನ ಇಪ್ಪತ್ತೇಳು ದಿನ

ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಸೋಮೇಶ್ವರ ದಾಟಿ ಏರು ಶುರುವಾದ ಮೇಲೆ ಸಣ್ಣ ಎಂಜಿನ್ನಿನ ಕಾರು ಪ್ರತಿ ತಿರುವಿನಲ್ಲೂ ಮೂರನೇ ಗೇರಿನಿಂದ ಎರಡಕ್ಕೆ ಇಳಿಯಲೇಬೇಕು, ಬೇರೆ ದಾರಿಯಿಲ್ಲ. ನಮ್ಮ 2007ರ ಮಾರುತಿ ಆಲ್ಟೊ ಎರಡು ವರ್ಷಗಳಿಂದ ಆ ಹದಿನಾಲ್ಕು ಕಡೆಯೂ ಕರ್ರೆಂದು ಹಲ್ಲು ಕಡಿಯುತ್ತಿತ್ತು. ತೀರ್ಥಹಳ್ಳಿಯಲ್ಲಿ ಅತ್ತೆಯ ಮನೆ. ವರ್ಷಕ್ಕೆ ನಾಲ್ಕೈದು ಬಾರಿ ಉಡುಪಿಯಿಂದ ಹೋಗಿಬರುವ ದಾರಿ ಅದು. ಪಕ್ಕದ ಸೀಟಿನಲ್ಲಿ ಕುಳಿತ ಅಪ್ಪ, ತಿರುವು ಕಾಣಿಸುತ್ತಿದ್ದಂತೆ ಆಡುತ್ತಿದ್ದ ಮಾತನ್ನು ಅರ್ಧದಲ್ಲಿ ನಿಲ್ಲಿಸಿಬಿಡುತ್ತಿದ್ದರು. ಗೇರು ಬಿದ್ದು, ಸದ್ದು ಅಡಗಿ, ಕಾರು ತಿರುವು ದಾಟಿದ ಮೇಲೆ ಮಾತಿನ ಉಳಿದರ್ಧ ಬರುತ್ತಿತ್ತು. ಒಂದು ದಿನವೂ ‘ಇದನ್ನು ಸರಿಮಾಡಿಸು’ ಎಂದವರಲ್ಲ. ಕಾರು ಅವರದು, ನಿವೃತ್ತಿಯ ಹಣದಲ್ಲಿ ಕೊಂಡದ್ದು. ನಾನು ಕಾರು ಓಡಿಸಲು ಕಲಿತದ್ದೂ ಅದರಲ್ಲೇ. 1,60,000 ಕಿಲೋಮೀಟರ್ ಓಡಿದ ಗೇರ್‌ಬಾಕ್ಸ್ ಸವೆಯುವುದು ಸಹಜ. ಆ ಸವೆತದಲ್ಲಿ ನನ್ನ ಕೈಯ ಪಾಲು ಎಷ್ಟು ಎಂಬುದು ಮಾತ್ರ ಬಿಚ್ಚಿ ನೋಡುವವರೆಗೆ ಗೊತ್ತಿರಲಿಲ್ಲ.

ಮೊದಲು ಸಂಶಯ ಬಂದದ್ದು ಕ್ಲಚ್ಚಿನ ಮೇಲೆ. ಕ್ಲಚ್ ಪೂರ್ತಿ ಬಿಡದಿದ್ದರೂ ಗೇರು ಬೀಳುವಾಗ ಹೀಗೆಯೇ ಸದ್ದು ಬರುತ್ತದೆ. ಆದರೆ ಆಗ ಎಲ್ಲ ಗೇರುಗಳಲ್ಲೂ ತೊಂದರೆ ಕಾಣಬೇಕು. ನಿಂತ ಕಾರಿನಲ್ಲಿ ರಿವರ್ಸ್ ಹಾಕುವಾಗ ಎಲ್ಲಕ್ಕಿಂತ ಹೆಚ್ಚು ಕಾಣಬೇಕು. ನಮ್ಮದರಲ್ಲಿ ರಿವರ್ಸ್ ತಕರಾರಿಲ್ಲದೆ ಬೀಳುತ್ತಿತ್ತು. ಜಗಳವೆಲ್ಲ ಎರಡನೆಯದರ ಜೊತೆಗೇ. ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕಾಲು ತೆಗೆದು, ಆಕ್ಸಿಲರೇಟರನ್ನು ಒಮ್ಮೆ ಒತ್ತಿ, ಮತ್ತೆ ಕ್ಲಚ್ ತುಳಿದು ಎರಡಕ್ಕೆ ಹಾಕಿದರೆ ಸದ್ದಿಲ್ಲದೆ ಕೂರುತ್ತಿತ್ತು. ಹಳೆಯ ಲಾರಿ ಚಾಲಕರು ಎರಡು ಸಲ ಕ್ಲಚ್ ತುಳಿಯುತ್ತಿದ್ದದ್ದು ಇದೇ ಕಾರಣಕ್ಕೆ. ಹಾಗೆ ಮಾಡಿದಾಗ ಸದ್ದು ಹೋಗುತ್ತದೆ ಎಂದರೆ ಗೇರು ಬೀಳುವ ಮೊದಲು ವೇಗಗಳನ್ನು ಸಮ ಮಾಡುವ ಸಿಂಕ್ರೊ ರಿಂಗ್ ತನ್ನ ಕೆಲಸ ಮಾಡುತ್ತಿಲ್ಲ, ಅದರ ಕೆಲಸವನ್ನು ನಾವು ಕಾಲಿನಿಂದ ಮಾಡುತ್ತಿದ್ದೇವೆ ಎಂದರ್ಥ. ಜೊತೆಗೆ ಇನ್ನೊಂದು ಸಣ್ಣ ಸದ್ದಿತ್ತು. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇದ್ದಾಗ ಸಣ್ಣಗೆ ಗುಂಯ್ ಎನ್ನುವುದು, ಕ್ಲಚ್ ತುಳಿದ ಕೂಡಲೇ ನಿಲ್ಲುವುದು. ತುಳಿದಾಗ ಬರುವ ಸದ್ದಾದರೆ ಕ್ಲಚ್ಚಿನ ರಿಲೀಸ್ ಬೇರಿಂಗಿನದು. ತುಳಿದಾಗ ನಿಲ್ಲುವ ಸದ್ದು ಗೇರ್‌ಬಾಕ್ಸಿನ ಒಳಗಿನದು.

ಇಬ್ಬರನ್ನು ಕೇಳಿದೆ. ಊರಿನ ಗ್ಯಾರೇಜಿನವರು ಕಾರನ್ನು ಒಂದು ಸುತ್ತು ಓಡಿಸಿ, ‘ಇದನ್ನು ಬಿಚ್ಚಿ ಪ್ರಯೋಜನವಿಲ್ಲ, ಗುಜರಿಯಿಂದ ಬೇರೆ ಗೇರ್‌ಬಾಕ್ಸ್ ತಂದು ಕೂರಿಸೋಣ, 12,000 ಆಗುತ್ತದೆ’ ಎಂದರು. ಈ ಸಲಹೆಯ ಮೇಲೆ ನನಗೆ ಈಗಲೂ ಸಿಟ್ಟಿದೆ. ಗುಜರಿಯ ಗೇರ್‌ಬಾಕ್ಸ್ ಎಷ್ಟು ಓಡಿದೆ, ಯಾರ ಕೈಯಲ್ಲಿ ಓಡಿದೆ ಎಂದು ಹೇಳುವವರಿಲ್ಲ. ಅದನ್ನು ಬಿಚ್ಚಿ ನೋಡಿಯೂ ಕೊಡುವುದಿಲ್ಲ. ನಮ್ಮ ಸವೆತವನ್ನು ಕೊಟ್ಟು ಇನ್ನೊಬ್ಬರ ಸವೆತವನ್ನು ದುಡ್ಡು ತೆತ್ತು ತಂದ ಹಾಗೆ. ಎರಡನೆಯವರು ಮಂಗಳೂರಿನ ಬೈಕಂಪಾಡಿ ಕಡೆ ಗೇರ್‌ಬಾಕ್ಸ್ ಕೆಲಸ ಒಂದನ್ನೇ ಮಾಡುವ ಹಿರಿಯರು. ಅವರು ಫೋನಿನಲ್ಲೇ ಹತ್ತು ಪ್ರಶ್ನೆ ಕೇಳಿ, ಒಳಗೆ ಏನೇನು ಹೋಗಿದೆ ಎಂಬುದರ ಮೇಲೆ ಲೆಕ್ಕ, ಕ್ಲಚ್ ಪ್ಲೇಟ್ ಎಲ್ಲ ಸೇರಿ 19,000 ದಾಟಲಿಕ್ಕಿಲ್ಲ, ಮೂರು ದಿನ ಕಾರು ಬಿಡಬೇಕು ಎಂದರು. ನ್ಯಾಯವಾದ ಮಾತು. ಆದರೂ ನಾನು ಅವರಲ್ಲಿಗೆ ಹೋಗಲಿಲ್ಲ. ಏಪ್ರಿಲ್ ತಿಂಗಳು, ಮಳೆಗೆ ಇನ್ನೂ ಸಮಯವಿತ್ತು. ಮಣಿಪಾಲದ ಕೆಲಸಕ್ಕೆ ಮನೆಯೆದುರಿನಿಂದಲೇ ಬಸ್ಸಿದೆ. ಪಿಯುಸಿ ಪರೀಕ್ಷೆ ಮುಗಿಸಿದ ಅಕ್ಕನ ಮಗ ರಜೆಗೆ ಬಂದಿದ್ದ. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಕೈಯಲ್ಲಿ ಹಿಡಿದ ಆ ಲಿವರಿನ ಇನ್ನೊಂದು ತುದಿಯಲ್ಲಿ ಏನಿದೆ ಎಂದು ಒಮ್ಮೆಯಾದರೂ ನೋಡಬೇಕಿತ್ತು.

ಕೆಲಸಕ್ಕೆ ಇಳಿಯುವವರಿಗೆ ಎಲ್ಲಕ್ಕಿಂತ ಮೊದಲು ಒಂದು ಮಾತು. ನಮ್ಮ ಕಡೆ ಯಾವುದಕ್ಕೆ ಆಧಾರ ಬೇಕಾದರೂ ಕೈ ಹೋಗುವುದು ಕೆಂಪುಕಲ್ಲಿಗೆ. ಅಂಗಳದ ಮೂಲೆಯಲ್ಲಿ ನಾಲ್ಕು ಕಲ್ಲು ಬಿದ್ದಿರುತ್ತದೆ, ಜಾಕಿ ಎತ್ತಿ ಕಾರನ್ನು ಅದರ ಮೇಲೆ ಕೂರಿಸುವುದನ್ನು ನಾನೇ ಎಷ್ಟೋ ಕಡೆ ನೋಡಿದ್ದೇನೆ. ಗೋಡೆಗೆ ಆ ಕಲ್ಲಿಗೆ ಸಮ ಇಲ್ಲ. ಆದರೆ ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಹೇಳದೆ ಕೇಳದೆ ಹೋಳಾಗುತ್ತದೆ. ಅದರ ಅಡಿಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಮಲಗಿ ಬೋಲ್ಟ್ ಬಿಚ್ಚುತ್ತಿರುತ್ತಾನೆ ಎಂಬುದನ್ನು ನೆನೆದು, ಮೊದಲ ದಿನವೇ ಕಬ್ಬಿಣದ ಎರಡು ಸ್ಟ್ಯಾಂಡ್ ತಂದೆ. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಸ್ಟ್ಯಾಂಡಿನ ಮೇಲೆ ಕೂರಿಸಿ, ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ಅಡಿಗೆ ಹೋದೆವು.

ಗೇರ್‌ಬಾಕ್ಸ್ ಇಳಿಸುವುದರಲ್ಲಿ ವಿದ್ಯೆ ಕಡಿಮೆ, ತಾಳ್ಮೆ ಹೆಚ್ಚು. ಬ್ಯಾಟರಿ, ಸ್ಟಾರ್ಟರ್ ಮೋಟರ್, ಕ್ಲಚ್ ಕೇಬಲ್, ಎರಡು ಬದಿಯ ಡ್ರೈವ್ ಶಾಫ್ಟ್, ಲಿವರಿನಿಂದ ಬರುವ ಜೋಡಣೆ ಎಲ್ಲವನ್ನೂ ಬಿಡಿಸಿ, ಎಂಜಿನ್ನಿಗೆ ಅಡಿಯಿಂದ ಆಧಾರ ಕೊಟ್ಟು, ಇಬ್ಬರೂ ಹಿಡಿದು ಇಳಿಸಿದೆವು. ಶನಿವಾರ ಶುರು ಮಾಡಿದ್ದು ಭಾನುವಾರ ಸಂಜೆಗೆ ಮುಗಿಯಿತು. ಆಯಿಲ್ ಬಸಿಯುವ ಮೊದಲು ಮಾತ್ರ ಒಂದು ಎಚ್ಚರ ಬೇಕು: ಮೊದಲು ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ ಬರುತ್ತದೆಯೇ ನೋಡಿಕೊಳ್ಳಬೇಕು, ಆಮೇಲೆ ಕೆಳಗಿನದು. ಕೆಳಗಿನದನ್ನು ಬಿಚ್ಚಿ ಆಯಿಲೆಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದೆ ಎಂದು ಗೊತ್ತಾದರೆ ತುಂಬಲು ದಾರಿಯಿಲ್ಲದೆ ಕಾರು ಅಲ್ಲೇ ಉಳಿಯುತ್ತದೆ.

ಬಸಿದ ಆಯಿಲನ್ನು ಬಿಳಿಯ ಬೋಗುಣಿಯಲ್ಲಿ ಹಿಡಿದು ಬಿಸಿಲಿಗೆ ಒಯ್ದು ನೋಡಿದೆ. ಕಪ್ಪು ಆಯಿಲಿನ ಒಳಗೆ ಹೊಂಬಣ್ಣದ ಧೂಳು ಮೆಲ್ಲಗೆ ತಿರುಗುತ್ತಿತ್ತು. ಅಯಸ್ಕಾಂತದ ತುಂಡೊಂದನ್ನು ದಾರ ಕಟ್ಟಿ ಅದರಲ್ಲಿ ಆಡಿಸಿದಾಗ ಬೂದು ಬಣ್ಣದ ಹಿಟ್ಟಿನಂಥದ್ದು ಮೀಸೆಯಂತೆ ಅಂಟಿ ಬಂತು. ಹೊಂಬಣ್ಣದ್ದು ಹಾಗೆಯೇ ತೇಲುತ್ತಿತ್ತು. ಅಂಟಿದ್ದು ಗೇರು, ಬೇರಿಂಗುಗಳ ಉಕ್ಕು. ಅಂಟದ್ದು ಹಿತ್ತಾಳೆ. ಗೇರ್‌ಬಾಕ್ಸಿನ ಒಳಗೆ ಹಿತ್ತಾಳೆ ಇರುವುದು ಸಿಂಕ್ರೊ ರಿಂಗಿನಲ್ಲಿ. ಎರಡು ವರ್ಷ ಕಿವಿಗೆ ಕೇಳಿಸಿದ್ದು ಈಗ ಕಣ್ಣಿಗೆ ಕಾಣುತ್ತಿತ್ತು.

ಆಲ್ಟೊದ ಗೇರ್‌ಬಾಕ್ಸ್ ತೆರೆಯುವುದು ಐದನೇ ಗೇರಿನ ಬದಿಯಿಂದ. ಬದಿಯ ಮುಚ್ಚಳ ತೆಗೆದರೆ ಐದನೇ ಗೇರು ಮತ್ತು ಅದನ್ನು ಹಾಕಲು ತಳ್ಳುವ ಕವಲು, ಅಂದರೆ ಫೋರ್ಕ್, ಎದುರಿಗೇ ಸಿಗುತ್ತವೆ. ಅದಾದ ಮೇಲೆ ಹೊರಗಿನ ಮೂರು ಬೋಲ್ಟುಗಳ ಹಿಂದೆ ಒಂದೊಂದು ಸ್ಪ್ರಿಂಗ್, ಒಂದೊಂದು ಉಕ್ಕಿನ ಗೋಲಿ. ಗೇರು ಹಾಕಿದಾಗ ಕೈಗೆ ತಾಗುವ ‘ಟಕ್’ ಎನ್ನುವ ಅನುಭವ ಹುಟ್ಟುವುದು ಕಡಲೆಕಾಳಿನಷ್ಟು ದೊಡ್ಡ ಆ ಗೋಲಿಯಿಂದ. ಮೂರನ್ನೂ ಬೇರೆ ಬೇರೆ ಬೆಂಕಿಪೊಟ್ಟಣದಲ್ಲಿ ಹಾಕಿ ಮೇಲೆ ಯಾವ ತೂತಿನದು ಎಂದು ಬರೆದಿಟ್ಟೆವು. ಕೇಸಿನ ಸುತ್ತಲಿನ ಬೋಲ್ಟುಗಳನ್ನೆಲ್ಲ ಬಿಚ್ಚಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿದರೆ ಎರಡು ಹೋಳಾಗಬೇಕಿತ್ತು. ಆಗಲಿಲ್ಲ. ಒಂದು ಬದಿ ಕೂದಲೆಳೆಯಷ್ಟು ಬಾಯಿ ಬಿಟ್ಟಿತು, ಇನ್ನೊಂದು ಬದಿ ಅಲ್ಲಾಡಲಿಲ್ಲ. ಸ್ಕ್ರೂ ಡ್ರೈವರ್ ತುರುಕಿ ಮೀಟುವ ಆಸೆ ಬಂತು. ಕೇಸು ಅಲ್ಯೂಮಿನಿಯಂ, ಎರಡು ಹೋಳು ಕೂಡುವ ಮುಖಕ್ಕೆ ಗೀರು ಬಿದ್ದರೆ ಮುಂದೆ ಜನ್ಮವಿಡೀ ಆಯಿಲ್ ಸೋರುತ್ತದೆ. ಕೈ ಹಿಂತೆಗೆದು ಕೂತೆ. ಹುಡುಗ ಕೇಸನ್ನು ಸುತ್ತು ಹಾಕಿ, ಬೆರಳಿನಿಂದ ಮುಟ್ಟುತ್ತಾ ಬಂದು, ‘ಮಾವ, ಇಲ್ಲೊಂದು ಬೋಲ್ಟ್ ಬೇರೆ ದಿಕ್ಕಿಗೆ ಮುಖ ಮಾಡಿದೆ, ಇದನ್ನು ಬಿಚ್ಚಿದ್ದೇವಾ?’ ಎಂದ. ರಿವರ್ಸ್ ಗೇರಿನ ಶಾಫ್ಟನ್ನು ಕೇಸಿಗೆ ಹಿಡಿದಿಡುವ ಬೋಲ್ಟ್ ಅದು. ಅದೊಂದು ಹೊರಬಂದ ಮೇಲೆ ಕೇಸು ತಾನಾಗಿ ಮೇಲೆ ಬಂತು.

ಒಳಗಿನದನ್ನು ಮೊದಲ ಬಾರಿ ನೋಡಿದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗೇರು ಹಾಕುವುದೆಂದರೆ ಒಂದು ಹಲ್ಲಿನ ಚಕ್ರವನ್ನು ತಳ್ಳಿ ಇನ್ನೊಂದಕ್ಕೆ ಕಚ್ಚಿಸುವುದು ಎಂದೇ ನಾನು ಅಂದುಕೊಂಡಿದ್ದೆ. ಹಾಗಲ್ಲ. ಮುಂದಕ್ಕೆ ಹೋಗುವ ಐದೂ ಗೇರುಗಳ ಜೋಡಿಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಗೇರು ಶಾಫ್ಟಿನ ಮೇಲೆ ಸಡಿಲವಾಗಿ ಸುತ್ತುತ್ತಿರುತ್ತದೆ, ಅಷ್ಟೆ. ನಾವು ಲಿವರ್ ತಳ್ಳಿದಾಗ ಸರಿಯುವುದು ಸ್ಲೀವ್ ಎಂಬ ಬಳೆಯಂಥ ಭಾಗ. ಅದು ಪಕ್ಕಕ್ಕೆ ಸರಿದು ಗೇರಿನ ಬದಿಯ ಸಣ್ಣ ಹಲ್ಲುಗಳ ಮೇಲೆ ಕೂತು, ಸಡಿಲ ಗೇರನ್ನು ಶಾಫ್ಟಿಗೆ ಬಿಗಿಯುತ್ತದೆ. ಬಳೆಯ ವೇಗ ಒಂದು, ಗೇರಿನ ವೇಗ ಇನ್ನೊಂದು. ಆ ಎರಡನ್ನೂ ಸಮ ಮಾಡುವುದು ನಡುವಿನ ಹಿತ್ತಾಳೆಯ ರಿಂಗ್. ಅದರ ಒಳಮೈ ಲಾಳಿಕೆಯಂತೆ ಓರೆ, ಆ ಓರೆಯಲ್ಲಿ ಕೂದಲಿನಷ್ಟು ಸಣ್ಣ ಗೆರೆಗಳು. ಗೇರಿನ ಉಕ್ಕಿನ ಕೋನಿನ ಮೇಲೆ ಒತ್ತಿದಾಗ ಆ ಗೆರೆಗಳು ಆಯಿಲಿನ ಪದರವನ್ನು ಕತ್ತರಿಸಿ, ಲೋಹ ಲೋಹವನ್ನು ಹಿಡಿದು, ಬ್ರೇಕಿನಂತೆ ಕೆಲಸ ಮಾಡಿ ವೇಗ ಒಂದಾಗಿಸುತ್ತವೆ. ಇದೆಲ್ಲ ನಡೆಯುವುದು ನಾವು ಲಿವರ್ ತಳ್ಳುವ ಆ ಅರೆಗಳಿಗೆಯಲ್ಲಿ.

ನಮ್ಮ ಎರಡನೇ ಗೇರಿನ ರಿಂಗನ್ನು ಹೊರತೆಗೆಯುವ ಮೊದಲೇ ಅದರ ಸ್ಥಿತಿ ಗೊತ್ತಾಯಿತು. ರಿಂಗನ್ನು ಗೇರಿನ ಕೋನಿಗೆ ಒತ್ತಿ ಹಿಡಿದು, ಎರಡರ ನಡುವಿನ ಸಂದಿಗೆ ಫೀಲರ್ ಗೇಜಿನ ತಗಡು ತೂರಿಸಿ ಅಳೆಯಬೇಕು. ಹೊಸ ರಿಂಗಿನಲ್ಲಿ ಈ ಸಂದಿ 1 ಮಿಲಿಮೀಟರಿಗಿಂತ ತುಸು ಹೆಚ್ಚಿರುತ್ತದೆ. ಅರ್ಧ ಮಿಲಿಮೀಟರಿಗೆ ಇಳಿದರೆ ಬದಲಿಸಲೇಬೇಕು. ಒಂದನೇ ಗೇರಿನದು 0.85 ಬಂತು. ಎರಡನೆಯದರಲ್ಲಿ 0.25ರ ತಗಡೂ ಬಿಗಿಯಾಗಿ ಹೋಯಿತು. ರಿಂಗಿನ ಒಳಮೈಯಲ್ಲಿದ್ದ ಸಣ್ಣ ಗೆರೆಗಳು ಪೂರ್ತಿ ಅಳಿಸಿ, ಆ ಜಾಗ ದೇವರ ಕೋಣೆಯ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಗೇರಿನ ಬದಿಯ ಸಣ್ಣ ಹಲ್ಲುಗಳ ತುದಿ ಮೊನಚಾಗಿರಬೇಕಾದಲ್ಲಿ ಒಂದೇ ಪಕ್ಕಕ್ಕೆ ಮೊಂಡಾಗಿತ್ತು. ಬೇರಿಂಗನ್ನು ಬೆರಳಿನಲ್ಲಿ ಹಿಡಿದು ತಿರುಗಿಸಿದರೆ ಒಳಗೆ ಮರಳು ಸೇರಿದ ಹಾಗೆ ಕರಕರ ಎನ್ನುವುದು ಉಗುರಿನ ಬುಡಕ್ಕೆ ತಿಳಿಯುತ್ತಿತ್ತು.

ಭಾಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಬೆಡ್‌ಶೀಟಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟು ಮಲಗಿದೆವು. ಬೆಳಗ್ಗೆ ನೋಡಿದರೆ ಮೂರನೇ ಗೇರಿನ ನಯವಾದ ಮುಖದ ಮೇಲೆ ಕಂದು ಬಣ್ಣದಲ್ಲಿ ನನ್ನ ಹೆಬ್ಬೆರಳಿನ ಗುರುತು ಎದ್ದಿತ್ತು, ಗೆರೆ ಗೆರೆಯಾಗಿ, ಸರಕಾರಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಹಾಗೆ. ಮಲ್ಪೆಯ ಕಡಲು ನಮ್ಮ ಮನೆಯಿಂದ ನಾಲ್ಕು ಕಿಲೋಮೀಟರ್ ದೂರ. ಮೇ ತಿಂಗಳ ರಾತ್ರಿಯ ಗಾಳಿಯಲ್ಲಿ ಉಪ್ಪೂ ನೀರೂ ಎರಡೂ ಇರುತ್ತವೆ, ಕೈಯ ಬೆವರಿನ ಉಪ್ಪು ಅದಕ್ಕೆ ಸೇರಿತು. ಘಟ್ಟದ ಮೇಲಿನವರಿಗೆ ಈ ಎಚ್ಚರ ಬೇಡವೇನೋ, ಕರಾವಳಿಯವರು ಮಾತ್ರ ತೊಳೆದ ಗೇರನ್ನು ಒಣಗಿಸಿ ಬಿಡಬಾರದು. ತೊಳೆದ ಕೂಡಲೇ ಹೊಸ ಗೇರ್ ಆಯಿಲ್ ಸವರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಆ ಹೆಬ್ಬೆಟ್ಟಿನ ಗುರುತನ್ನು ಆಯಿಲ್ ಹಾಕಿ ಉಜ್ಜಿ ತೆಗೆಯಲು ಅರ್ಧ ದಿನ ಹೋಯಿತು.

ನನ್ನ ಕೈಲಾಗದು ಎಂಬುದು ಸ್ಪಷ್ಟವಾದದ್ದು ಇದರ ನಂತರ. ಗೇರುಗಳನ್ನು ಹೊತ್ತ ಎರಡು ಶಾಫ್ಟುಗಳಲ್ಲಿ ಎಂಜಿನ್ನಿನ ಕಡೆಯಿಂದ ತಿರುಗುವುದು ಇನ್‌ಪುಟ್ ಶಾಫ್ಟ್, ಇನ್ನೊಂದು ಕೌಂಟರ್ ಶಾಫ್ಟ್. ಎರಡನೇ ಗೇರು ಇರುವುದು ಕೌಂಟರ್ ಶಾಫ್ಟಿನ ಮೇಲೆ; ಅದನ್ನು ಹೊರತೆಗೆಯಲು ಶಾಫ್ಟಿಗೆ ಒತ್ತಿ ಕೂರಿಸಿದ ಬೇರಿಂಗ್ ಮತ್ತು ಗೇರುಗಳನ್ನು ಬಿಡಿಸಬೇಕು. ಬೇರಿಂಗ್ ಪುಲ್ಲರ್ ತಂದಿದ್ದೆ. ಮೂರು ಕಾಲುಗಳನ್ನು ಸಿಕ್ಕಿಸಿ ಬಿಗಿಯುತ್ತಾ ಹೋದಾಗ ಒಂದು ಹಂತದಲ್ಲಿ ಬೇರಿಂಗ್ ಕದಲಲಿಲ್ಲ, ಪುಲ್ಲರಿನ ಒಂದು ಕಾಲು ಜಾರಿ ಗೇರಿನ ಹಲ್ಲಿಗೆ ಟಣ್ ಎಂದು ಬಡಿಯಿತು. ಭೂತಗನ್ನಡಿ ಹಿಡಿದು ನೋಡಿದೆ. ಪುಣ್ಯಕ್ಕೆ ಗುರುತು ಬಿದ್ದಿರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸುವ ಧೈರ್ಯ ಮಾಡಲಿಲ್ಲ. ಇದು ಹೈಡ್ರಾಲಿಕ್ ಪ್ರೆಸ್ಸಿನ ಕೆಲಸ, ಸುತ್ತಿಗೆಯದ್ದೂ ಅಲ್ಲ, ಹಟದ್ದೂ ಅಲ್ಲ.

ಎರಡು ಶಾಫ್ಟುಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಗೋಣಿಚೀಲದಲ್ಲಿ ಹಾಕಿ, ಫೋರ್ಕುಗಳನ್ನು ಬ್ಯಾಗಿನಲ್ಲಿಟ್ಟು ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ಗೋಣಿಚೀಲ ಇಡೀ ದಾರಿ ನನ್ನ ಎರಡು ಪಾದಗಳ ನಡುವೆ ಇತ್ತು.

ಬೈಕಂಪಾಡಿಯ ಆ ಹಿರಿಯರು ನಾನು ಫೋನು ಮಾಡಿದವನೆಂದು ಗುರುತಿಸಿದರು. ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಕಾರು ಎಲ್ಲಿ?’ ಎಂದರು. ‘ಮನೆಯಲ್ಲಿದೆ ಅಣ್ಣ, ಒಳಗಿನದನ್ನು ಮಾತ್ರ ತಂದಿದ್ದೇನೆ’ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪಂಚೆ ಬಿಚ್ಚಿ, ಶಾಫ್ಟನ್ನು ಮಗುವನ್ನು ಎತ್ತಿದಂತೆ ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. ‘ತೊಳೆದು ಆಯಿಲ್ ಹಚ್ಚಿದ್ದೀರಿ, ಒಳ್ಳೆಯದಾಯಿತು’ ಎಂದಷ್ಟೇ ಹೇಳಿದರು.

ಫೀಲರ್ ಗೇಜ್ ಹಾಕಿ ಒಂದು ಸಂಜೆಯಿಡೀ ನಾನು ಅಳೆದದ್ದನ್ನು ಅವರು ಹೆಬ್ಬೆರಳ ಉಗುರಿನಿಂದ ಅಳೆದರು. ಉಗುರನ್ನು ರಿಂಗಿನ ಒಳಮೈಯಲ್ಲಿ ಒಮ್ಮೆ ಎಳೆದು, ‘ಇದು ಮುಗಿದಿದೆ’ ಎಂದು ಪಕ್ಕಕ್ಕಿಟ್ಟರು. ಒಂದನೆಯದರಲ್ಲಿ ಎಳೆದಾಗ ನನಗೂ ಕೇಳಿಸುವಷ್ಟು ಝರ್ ಎಂದಿತು. ‘ಇದು ಇನ್ನೂ ಓಡುತ್ತದೆ. ಆದರೆ ಬಿಚ್ಚಿದ ಮೇಲೆ ಹೊಸದನ್ನೇ ಹಾಕಿಬಿಡಿ.’ ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ಅಷ್ಟೇ ಸಾಕಾಯಿತು. ಆಮೇಲೆ ನಾನು ಗಮನಿಸಿಯೇ ಇರದಿದ್ದ ಭಾಗವನ್ನು ಎತ್ತಿಕೊಂಡರು: ಸ್ಲೀವನ್ನು ತಳ್ಳುವ ಫೋರ್ಕ್. ಅದರ ಎರಡು ತುದಿಗಳಲ್ಲಿ ಒಂದು ಇನ್ನೊಂದಕ್ಕಿಂತ ತೆಳ್ಳಗಿತ್ತು.

‘ಗಾಡಿ ಓಡಿಸುವಾಗ ಎಡಗೈ ಎಲ್ಲಿರುತ್ತದೆ ಮಾರಾಯರೇ?’

ನಾನು ಉತ್ತರ ಕೊಡಬೇಕಾಗಿರಲಿಲ್ಲ. ಘಾಟಿಯಲ್ಲಿ ಮುಂದಿನ ತಿರುವಿಗೆ ಸಿದ್ಧವಾಗಿರಲೆಂದು ಕೈಯನ್ನು ಲಿವರಿನ ಮೇಲೆ ಇಟ್ಟುಕೊಂಡೇ ಓಡಿಸುವುದು ನನ್ನ ಅಭ್ಯಾಸ. ಆ ಕೈಯ ಭಾರ ಫೋರ್ಕಿಗೆ, ಫೋರ್ಕಿನಿಂದ ತಿರುಗುತ್ತಿರುವ ಸ್ಲೀವಿಗೆ ಹೋಗುತ್ತದೆ; ತಿರುಗದ ಫೋರ್ಕು ತಿರುಗುವ ಸ್ಲೀವಿಗೆ ಉಜ್ಜುತ್ತಲೇ ಇರುತ್ತದೆ. ಅಪ್ಪ ಹನ್ನೊಂದು ವರ್ಷ ಓಡಿಸಿದ್ದರು, ಎರಡೂ ಕೈ ಸ್ಟೇರಿಂಗಿನ ಮೇಲೆ ಇಟ್ಟುಕೊಂಡು. ಆ ಮೇಲಿನದು ನಾನು.

ರಿಂಗ್ ಒಂದನ್ನೇ ಬದಲಿಸಿದರೆ ಸಾಲದು, ಗೇರಿನ ಹಲ್ಲೂ ಸ್ಲೀವಿನ ಹಲ್ಲೂ ಮೊಂಡಾಗಿರುವಾಗ ಹೊಸ ರಿಂಗ್ ಆರು ತಿಂಗಳು ಬಾಳುವುದಿಲ್ಲ ಎಂದು ಅವರು ಪಟ್ಟಿ ಬರೆಸಿದರು: ಎರಡನೇ ಗೇರು, ಒಂದು ಮತ್ತು ಎರಡರ ಹಬ್ (ಸ್ಲೀವ್ ಕೂರುವ ನಡುಭಾಗ) ಮತ್ತು ಸ್ಲೀವ್ ಜೋಡಿಯಾಗಿ, ಎರಡೂ ರಿಂಗ್, ಫೋರ್ಕ್, ಇನ್‌ಪುಟ್ ಶಾಫ್ಟಿನ ಬೇರಿಂಗ್, ಸೀಲುಗಳೆಲ್ಲ. ಬಿಡಿಭಾಗ ತರಲು ಹೋಗುವಾಗ ಒಂದು ಮಾತು ಹೇಳಿಕೊಟ್ಟರು. ಪೊಟ್ಟಣ ನೋಡಿ ನಂಬಬೇಡಿ, ರಿಂಗಿನ ಒಳಗೆ ಉಗುರು ಎಳೆಯಿರಿ, ಹಳೆಯ ಒಂದನೇ ರಿಂಗಿಗಿಂತ ಜೋರಾಗಿ ಸದ್ದು ಬರಬೇಕು. ಮೊದಲ ಅಂಗಡಿಯಲ್ಲಿ ಕೊಟ್ಟದ್ದು ಉಗುರಿನ ಅಡಿ ಜಾರಿಹೋಯಿತು. ಎರಡನೆಯ ಕಡೆ ಸಿಕ್ಕಿದ್ದು ಝರ್ರೆಂದಿತು, ಅದನ್ನೇ ತಂದೆ.

ಪ್ರೆಸ್ಸಿನ ಕೆಲಸಕ್ಕೆ ಅವರಿಗೆ ಹಿಡಿದದ್ದು ನಲವತ್ತು ನಿಮಿಷ. ಎಲ್ಲಿ ಆಧಾರ ಕೊಡಬೇಕು, ಯಾವ ಗೇರಿನ ಹಲ್ಲಿಗೆ ಭಾರ ಬೀಳಬಾರದು ಎಂಬುದು ಅವರ ಕೈಗೆ ಗೊತ್ತಿತ್ತು. ಹಬ್ಬನ್ನು ಕೂರಿಸುವ ಮೊದಲು ಎರಡು ಬಾರಿ ತಿರುಗಿಸಿ ನೋಡಿ, ಅದರ ಎರಡು ಮುಖ ಒಂದೇ ತರ ಕಂಡರೂ ಒಂದಲ್ಲ ಎಂದು ತೋರಿಸಿದರು. ತಿರುಗುಮುರುಗಾಗಿ ಕೂರಿಸಿದ್ದರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕಿತ್ತು. ಪ್ರತಿ ಗೇರನ್ನೂ ಕೂರಿಸಿದ ಮೇಲೆ ಬೆರಳಿನಿಂದ ತಿರುಗಿಸಿ, ಸ್ವಲ್ಪ ಹಿಂದೆ ಮುಂದೆ ಆಡಿಸಿ, ಆ ಆಟ ಎಷ್ಟಿದೆ ಎಂದು ನೋಡಿಯೇ ಮುಂದಿನದಕ್ಕೆ ಹೋದರು. 1,500 ರೂಪಾಯಿ ತೆಗೆದುಕೊಂಡರು. ‘ನೀವು ಬಿಚ್ಚಿ ತೊಳೆದು ತಂದದ್ದರಿಂದ ನನಗೆ ಕೆಲಸ ಕಡಿಮೆ. ಆದರೆ ಮುಚ್ಚುವುದು ನೀವು, ಹಾಗಾಗಿ ಗ್ಯಾರಂಟಿಯೂ ನಿಮ್ಮದೇ. ಕೇಸು ಮುಚ್ಚಿದ ಮೇಲೆ ಕಾರಿಗೆ ಏರಿಸುವ ಮೊದಲು ಎಲ್ಲ ಗೇರನ್ನೂ ಕೈಯಿಂದ ಹಾಕಿ ನೋಡಿ.’

ಆ ಕೊನೆಯ ಮಾತು ಎಷ್ಟು ದೊಡ್ಡದು ಎಂಬುದು ನಾಲ್ಕು ದಿನಗಳ ನಂತರ ತಿಳಿಯಿತು. ಹೊಸ ರಿಂಗುಗಳನ್ನು ಆಯಿಲಿನಲ್ಲಿ ನೆನೆಸಿಟ್ಟು, ಎರಡೂ ಶಾಫ್ಟನ್ನು ಫೋರ್ಕುಗಳ ಸಮೇತ ಒಟ್ಟಿಗೆ ಎತ್ತಿ ಇಳಿಸಿ, ಕೇಸಿನ ಅಂಚಿಗೆ ಸೀಲೆಂಟ್ ಎಳೆದು ಮುಚ್ಚಿದೆವು. ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯದೆ ಎದುರುಬದುರು ಬಿಗಿಯುತ್ತಾ ಬಂದೆವು. ಗೋಲಿ, ಸ್ಪ್ರಿಂಗುಗಳು ಬೆಂಕಿಪೊಟ್ಟಣದಿಂದ ತಮ್ಮ ತಮ್ಮ ತೂತಿಗೆ ಹೋದವು. ಇನ್‌ಪುಟ್ ಶಾಫ್ಟನ್ನು ಹುಡುಗ ತಿರುಗಿಸುತ್ತಿದ್ದ, ನಾನು ಗೇರು ಹಾಕುತ್ತಿದ್ದೆ. ಒಂದು, ಎರಡು, ಮೂರು, ನಾಲ್ಕು, ಐದು. ಎಲ್ಲವೂ ಟಕ್ ಎಂದು ಬಿದ್ದವು. ರಿವರ್ಸ್ ಮಾತ್ರ ಬೀಳಲಿಲ್ಲ. ಲಿವರ್ ಹೋಗುತ್ತದೆ, ಒಳಗೆ ಏನೂ ಆಗುವುದಿಲ್ಲ. ಸೀಲೆಂಟ್ ಆಗಲೇ ಗಟ್ಟಿಯಾಗತೊಡಗಿತ್ತು. ಮತ್ತೆ ಬಿಚ್ಚಿದೆವು. ರಿವರ್ಸ್ ಲಿವರಿನ ತುದಿ, ರಿವರ್ಸಿನಲ್ಲಿ ಮಾತ್ರ ನಡುವೆ ಬರುವ ಐಡ್ಲರ್ ಗೇರಿನ ಗ್ರೂವ್‌ನಲ್ಲಿ ಕೂತಿರಲಿಲ್ಲ, ಮುಚ್ಚುವಾಗ ಜಾರಿ ಪಕ್ಕಕ್ಕೆ ನಿಂತಿತ್ತು. ಅದನ್ನು ಸರಿಪಡಿಸಲು ಬೇಕಾದದ್ದು ಹತ್ತು ಸೆಕೆಂಡು. ಗಟ್ಟಿಯಾದ ಸೀಲೆಂಟನ್ನು ಎರಡೂ ಮುಖಗಳಿಂದ ಗೀರು ಬೀಳದಂತೆ ಕೆರೆದು ತೆಗೆಯಲು ಎರಡು ಸಂಜೆ. ಕಾರಿಗೆ ಏರಿಸಿ, ಆಯಿಲ್ ತುಂಬಿ, ಅಂಗಳದಿಂದ ಹಿಂದಕ್ಕೆ ತೆಗೆಯಲು ಹೋದಾಗ ಗೊತ್ತಾಗಿದ್ದರೆ ಇನ್ನೊಂದು ವಾರ.

ಗೇರ್‌ಬಾಕ್ಸ್ ಇಳಿಸಿದಾಗಲೇ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಬದಲಿಸಿಬಿಟ್ಟೆ. ಇವಕ್ಕೆ ಇನ್ನು ಸ್ವಲ್ಪ ಆಯುಷ್ಯವಿತ್ತು, ಆದರೆ ಅವನ್ನು ತಲುಪಲು ಮತ್ತೆ ಇಷ್ಟೇ ಬಿಚ್ಚಬೇಕು. ಪ್ಲೇಟನ್ನು ಸರಿಯಾಗಿ ನಡುವಿಗೆ ಕೂರಿಸದಿದ್ದರೆ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದೇ ಇಲ್ಲ. ಆಯಿಲಿನ ವಿಷಯದಲ್ಲಿ ಅಂಗಡಿಯವರ ಮಾತಿಗೆ ಒಪ್ಪಬೇಡಿ. ಡಬ್ಬಿಯ ಮೇಲೆ ಆಯಿಲಿನ ದಪ್ಪ ಹೇಳುವ 75ಡಬ್ಲ್ಯೂ-90 ಎಂದಿದ್ದರೆ ಸಾಲದು, ಅದರ ದರ್ಜೆ ಜಿಎಲ್-4 ಎಂದಿರಬೇಕು. ‘ಜಿಎಲ್-5 ಇನ್ನೂ ಒಳ್ಳೆಯದು, ನಂಬರು ದೊಡ್ಡದು’ ಎಂದು ನನಗೂ ಕೊಡಲು ಬಂದಿದ್ದರು. ಅದರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚು. ಭಾರೀ ಒತ್ತಡದ ಡಿಫರೆನ್ಷಿಯಲ್ ಗೇರುಗಳಿಗೆ ಹೇಳಿ ಮಾಡಿಸಿದ್ದು. ಹಿತ್ತಾಳೆಯ ರಿಂಗಿಗೆ ಅವು ಒಗ್ಗದಿರಬಹುದು, ಜೊತೆಗೆ ಆಯಿಲ್ ಜಾರುವುದು ಹೆಚ್ಚಾದರೆ ರಿಂಗಿಗೆ ಬೇಕಾದ ಹಿಡಿತ ಸಿಗುವುದಿಲ್ಲ. ಕಾರಿನ ಕೈಪಿಡಿ ಏನು ಹೇಳುತ್ತದೋ ಅದನ್ನೇ ಹಾಕಿ.

ಲೆಕ್ಕ ಹೀಗಿದೆ. ಬಿಡಿಭಾಗಕ್ಕೆ 10,850, ಆಯಿಲ್ ಮತ್ತು ಸೀಲೆಂಟಿಗೆ 1,450, ಸ್ಟ್ಯಾಂಡು, ಪುಲ್ಲರು, ಸರ್ಕ್ಲಿಪ್ ಪ್ಲೈಯರ್, ಫೀಲರ್ ಗೇಜ್ ಮುಂತಾದ ಸಲಕರಣೆಗೆ 5,900, ಪ್ರೆಸ್ಸಿನ ಕೆಲಸಕ್ಕೆ 1,500, ಓಡಾಟಕ್ಕೆ 600. ಒಟ್ಟು 20,300 ರೂಪಾಯಿ. ಬೈಕಂಪಾಡಿಯಲ್ಲಿ ಪೂರ್ತಿ ಒಪ್ಪಿಸಿದ್ದರೆ 19,000ದೊಳಗೆ, ಮೂರು ದಿನದಲ್ಲಿ, ಗ್ಯಾರಂಟಿಯ ಸಮೇತ ಮುಗಿಯುತ್ತಿತ್ತು. ನನಗೆ ಇಪ್ಪತ್ತೇಳು ದಿನ ಹಿಡಿಯಿತು. ಸಲಕರಣೆ ಕೈಯಲ್ಲಿ ಉಳಿಯಿತು, ನಿಜ. ಆದರೆ ದುಡ್ಡು ಉಳಿಸಲೆಂದು ಈ ಕೆಲಸಕ್ಕೆ ಇಳಿಯುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಕಾರಿನಿಂದಲೇ ಹೊಟ್ಟೆಪಾಡು ನಡೆಯುವವರಿಗಂತೂ ಖಂಡಿತ ಬೇಡ. ಮುಂದಿನ ಸಲ ಇಂಥದ್ದು ಬಂದರೆ ಗೇರ್‌ಬಾಕ್ಸನ್ನು ನಾನೇ ಇಳಿಸಿ, ಆಯಿಲ್ ನೋಡಿ, ಕೇಸು ತೆರೆಯದೆ ಹಾಗೆಯೇ ಬೈಕಂಪಾಡಿಗೆ ಒಯ್ಯುತ್ತೇನೆ, ಅವರ ಪಕ್ಕ ನಿಂತು ನೋಡಲು ಬಿಡುವುದಾದರೆ. ಆ ನಲವತ್ತು ನಿಮಿಷಕ್ಕೆ 1,500 ಕೊಟ್ಟದ್ದು ಕಡಿಮೆಯಾಯಿತು ಎಂಬ ಸಂಕಟ ಈಗಲೂ ಇದೆ.

ಕಾರು ಮತ್ತೆ ರಸ್ತೆಗೆ ಬಂದ ಮೊದಲ ವಾರ ರಾತ್ರಿ ಅಡಿಯಲ್ಲಿ ರಟ್ಟು ಹಾಸಿಡುತ್ತಿದ್ದೆವು. ಎಡಬದಿಯ ಸೀಲಿನಿಂದ ಎರಡು ದಿನ ಐದು ರೂಪಾಯಿ ನಾಣ್ಯದಷ್ಟು ಕಲೆ ಬಿತ್ತು. ಮೂರನೆಯ ದಿನದಿಂದ ಇಲ್ಲ. ಹುಡುಗ ಊರಿಗೆ ಹೋಗುವಾಗ ಹಳೆಯ ಎರಡನೇ ರಿಂಗನ್ನು ಕೇಳಿ ತೆಗೆದುಕೊಂಡು ಹೋದ.

ಜೂನ್ ಎರಡನೇ ವಾರ ಅಪ್ಪನನ್ನು ಕರೆದುಕೊಂಡು ತೀರ್ಥಹಳ್ಳಿಗೆ ಹೊರಟೆ. ಹೆಬ್ರಿಯಲ್ಲಿ ಚಹಾ ಕುಡಿಯುವಾಗಲೇ ಮಳೆ ಹಿಡಿದಿತ್ತು. ಸೋಮೇಶ್ವರ ದಾಟಿದ ಮೇಲೆ ಅಪ್ಪ ಅತ್ತೆಯ ಮನೆಯ ತೋಟದ ಕೊಳೆರೋಗದ ಕಥೆ ತೆಗೆದರು. ಯಾವ ವರ್ಷ ಎಷ್ಟು ಅಡಿಕೆ ಉದುರಿತು, ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲು ಹೊಡೆಯದೆ ಭಾವ ಹೇಗೆ ಕೈಸುಟ್ಟುಕೊಂಡರು ಎಂದೆಲ್ಲ. ಮೊದಲ ತಿರುವು ಕಾಣಿಸಿತು. ಅವರು ಮಾತು ನಿಲ್ಲಿಸಿದರು. ನಾನು ಕ್ಲಚ್ ತುಳಿದು ಮೂರರಿಂದ ಎರಡಕ್ಕೆ ಹಾಕಿ, ಕೈಯನ್ನು ಸ್ಟೇರಿಂಗಿಗೆ ತಂದೆ. ವೈಪರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಎರಡನೆಯದರಲ್ಲೂ ನಿಲ್ಲಿಸಿದರು, ಮೂರನೆಯದರಲ್ಲೂ. ಆರನೆಯ ತಿರುವಿನಲ್ಲಿ ಎದುರಿನಿಂದ ಬಸ್ಸು ಇಳಿಯುತ್ತಿತ್ತು. ಬದಿಗೆ ನಿಂತು, ಬಿಟ್ಟು, ಏರು ಹಿಡಿದು ಎರಡಕ್ಕೆ ಹಾಕುವಾಗ ಅವರು ಸುಣ್ಣ ಎಷ್ಟು, ಮೈಲುತುತ್ತು ಎಷ್ಟು ಬೆರೆಸಬೇಕೆಂದು ಬೆರಳು ಮಡಚಿ ಎಣಿಸುತ್ತಲೇ ಇದ್ದರು.